ಐದು ಮನೆಗೆ ಒಂದೇ ಹೆಪ್ಪು

ಮಂಗಳವಾರ ಬೆಳಿಗ್ಗೆ ಭಾನುಪ್ರಿಯಾ ಇನ್‌ಕ್ಯುಬೇಟರಿನಿಂದ ಬ್ಯಾಕ್ಟೀರಿಯಾ ಬೆಳೆಯಲು ಇಟ್ಟಿದ್ದ ಒಂಬತ್ತು ಪ್ಲೇಟುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದೊಂದೂ ಸಿ.ಎಸ್. ಪುರದ ಒಂದೊಂದು ಮನೆಯ ಹೆಪ್ಪಿನದು. ನಾಲ್ಕರಲ್ಲಿ ನಾಲ್ಕು ಬಗೆ ಬೆಳೆದಿತ್ತು. ಉಳಿದ ಐದು ಒಂದೇ ತಾಯಿಯ ಮಕ್ಕಳಂತಿದ್ದವು: ಅದೇ ಸಣ್ಣ ಬಿಳಿ ಚುಕ್ಕಿಗಳು, ಯೀಸ್ಟಿನ ಸುಳಿವೇ ಇಲ್ಲ.

ಗುಬ್ಬಿಯಿಂದ ದಿನವೂ ಬಸ್ಸಿನಲ್ಲಿ ಬಂದು ಅವಳು ತುಮಕೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಓದುತ್ತಾಳೆ. ಇದು ಕೊನೆಯ ಸೆಮಿಸ್ಟರ್. ತಲೆಮಾರುಗಳಿಂದ ಒಂದೇ ಹೆಪ್ಪು ಉಳಿಸಿಕೊಂಡು ಬಂದ ಮನೆಗಳಲ್ಲಿ ಬ್ಯಾಕ್ಟೀರಿಯಾ ಮನೆಯಿಂದ ಮನೆಗೆ ಬೇರೆ ಇರುತ್ತವೆಯೇ ಎಂಬುದು ಅವಳ ಪ್ರಾಜೆಕ್ಟ್. ವರದಿ ಒಪ್ಪಿಸಲು ಹದಿಮೂರು ದಿನ ಉಳಿದಿತ್ತು. ಐದು ಮಾದರಿ ಕೈಕೊಟ್ಟರೆ ಪ್ರಾಜೆಕ್ಟ್ ಇಲ್ಲ, ಈ ವರ್ಷ ಪದವಿಯೂ ಇಲ್ಲ.

ಅವಳ ಕಣ್ಣು ಪಕ್ಕದ ಮೇಜಿನ ಕಡೆ ಹೋಯಿತು. ಕುಣಿಗಲ್ ಕಡೆಯ ಸಿದ್ದಾರ್ಥನದು ಅಂಗಡಿಯ ಪ್ಯಾಕೆಟ್ ಮೊಸರಿನ ಪ್ರಾಜೆಕ್ಟ್. ಅವನ ಪ್ಲೇಟುಗಳಲ್ಲೂ ಇದೇ ಚುಕ್ಕಿಗಳು. ಇಬ್ಬರಿಗೂ ಇನ್‌ಕ್ಯುಬೇಟರ್ ಒಂದೇ, ಅದರ ಕೀಲಿ ವಾರದಿಂದ ಅವನ ಕೈಲಿತ್ತು.

"ನನ್ ಪ್ಲೇಟ್ ಮುಟ್ಟಿದ್ದೀಯಾ?"

"ನನ್ ಪ್ಲೇಟ್ ಎಣ್ಸೋಕೇ ಟೈಮಿಲ್ಲ ಕಣೇ. ನಿನ್ ಮೊಸ್ರು ಕದ್ದು ಮಜ್ಜಿಗೆ ಮಾಡ್ಕೊಂಡ್ ಕುಡೀಲಾ?"

ಅವಳು ನಗಲಿಲ್ಲ. ಅವತ್ತೇ ಫ್ರಿಜ್ಜಿನಲ್ಲಿ ಸೀಲು ಒಡೆಯದೆ ಉಳಿದಿದ್ದ ಮೂಲ ಮೊಸರಿನಿಂದ ಹೊಸ ಪ್ಲೇಟುಗಳನ್ನು ಹಾಕಿದಳು. ಅವನ್ನು ಒಂದು ಡಬ್ಬದಲ್ಲಿಟ್ಟು ಅದಕ್ಕೆ ತನ್ನದೇ ಬೀಗ ಜಡಿದಳು. ಸಿದ್ದಾರ್ಥ ಬೀಗವನ್ನು ನೋಡಿದ, ತನ್ನ ಪ್ಲೇಟುಗಳನ್ನು ಕೆಳಗಿನ ಅರೆಗೆ ಇಳಿಸಿಕೊಂಡ.

ಗುರುವಾರ ಬೀಗ ತೆಗೆದಾಗ ಅವೇ ಐದು, ಅವೇ ಚುಕ್ಕಿಗಳು. ಅಂದರೆ ಲ್ಯಾಬಿನಲ್ಲಿ ಯಾರೂ ಏನೂ ಮಾಡಿರಲಿಲ್ಲ. ಮೊಸರು ಇಲ್ಲಿಗೆ ಬರುವ ಮೊದಲೇ ಹಾಗಿತ್ತು.

ಪ್ರತಿ ಮಾದರಿಯ ಲೇಬಲ್ಲಿನ ಮೇಲೂ ತಂದ ಹೊತ್ತನ್ನು ಬರೆಯಬೇಕು ಎಂಬುದು ಗೈಡ್ ಮೇಡಂ ಹಾಕಿದ ಕಟ್ಟಳೆ. ಭಾನುಪ್ರಿಯಾ ಲೇಬಲ್ಲುಗಳನ್ನು ಒಂದೊಂದಾಗಿ ಓದಿದಳು. ಬೇರೆ ಬೇರೆಯಾಗಿ ಬೆಳೆದ ನಾಲ್ಕೂ ಬೆಳಿಗ್ಗೆ ಹನ್ನೊಂದರೊಳಗೆ ತಂದವು. ಒಂದೇ ಥರದ ಐದೂ ಸಂಜೆ ಆರೂವರೆಯ ನಂತರದವು.

ಮಾರನೆಯ ದಿನ ಮೊದಲ ಬಸ್ಸಿಗೆ ಸಿ.ಎಸ್. ಪುರಕ್ಕೆ ಹೋದಳು. ಐದರಲ್ಲಿ ಮೊದಲನೆಯದು ಸರ್ವಮಂಗಳಮ್ಮನ ಮನೆ. ಎಪ್ಪತ್ತು ದಾಟಿದ ಆಕೆ ಹಾಲು ಕರೆದು ಚೆಂಬು ಹಿಡಿದು ಒಳಗೆ ಹೋಗುತ್ತಿದ್ದವರು ಹೊಸಿಲಲ್ಲೇ ನಿಂತರು.

"ಏನವ್ವಾ, ಪುನಾ ಬಂದ್ಬುಟ್ಟೆ?"

"ಅಜ್ಜೀ, ಅವತ್ತು ಕೊಟ್ರಲ್ಲ, ಅದು ನಿಮ್ಮನೆ ಹೆಪ್ಪೇನಾ?"

ಸರ್ವಮಂಗಳಮ್ಮ ಚೆಂಬಿನ ಮೇಲೆ ಸೆರಗು ಮುಚ್ಚಿದರು. "ಯಾಕೆ? ಕೆಟ್ಟೋಗಿತ್ತಾ?"

"ಅಂಗಡಿ ಮೊಸ್ರು ಅಂತ ಗೊತ್ತಾಯ್ತು."

"ಅದೆಂಗೆ ಗೊತ್ತಾಯ್ತೇ? ಯಾರ್ ಹೇಳುದ್ರು? ಆ ಅಂಗ್ಡಿ ತಿಮ್ಮರಾಜುನಾ?"

"ಯಾರೂ ಹೇಳ್ಲಿಲ್ಲ ಅಜ್ಜಿ. ಬೆಳೆಸಿ ನೋಡ್ದೆ, ಪ್ಯಾಕೆಟ್ ಮೊಸ್ರಿನ ಥರಾನೇ ಬೆಳೀತು."

ಆಕೆ ನಂಬಿದಂತೆ ಕಾಣಲಿಲ್ಲ. "ದೀಪ ಹಚ್ಚಿದ್ ಮ್ಯಾಲೆ ಹೆಪ್ಪು ಯಾರವ್ವಾ ಆಚೆ ಕೊಡ್ತಾರೆ? ನಮ್ ಹಸ ಬತ್ತೋಗ್ಲಿ ಅಂತಾನಾ?"

"ಹಂಗಂತ ಅವತ್ತೇ ಹೇಳ್ಬಹುದಿತ್ತಲ್ಲ."

"ಬಾಗ್ಲಿಗ್ ಬಂದ ಹೆಣ್ಮಗೀಗೆ ಇಲ್ಲ ಅನ್ನಕ್ಕಾಯ್ತದಾ? ಹಿಂದ್ಲ ಬಾಗ್ಲಿಂದ ಪಾಕೀಟು ತರಿಸ್ದೆ. ಈ ಬೀದಿಯೋರೆಲ್ಲಾ ಅಂಗೇ ಮಾಡುದ್ರು. ಓದೋ ಹುಡ್ಗಿ, ಇದೆಲ್ಲ ಏನ್ ತಿಳಿದಾತು ಅನ್ಕಂಡ್ವಿ."

ಭಾನುಪ್ರಿಯಾಳ ಅಜ್ಜಿಯೂ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುತ್ತಿರಲಿಲ್ಲ. ಆ ಕಟ್ಟು ಮುಚ್ಚಳ ಬಿಗಿದ ಪ್ಲಾಸ್ಟಿಕ್ ಟ್ಯೂಬಿಗೂ ಸಲ್ಲುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ, ಅಷ್ಟೇ. ಚೀಲದಿಂದ ಹೊಸ ಟ್ಯೂಬ್ ತೆಗೆದಳು.

"ಈಗ ಬೆಳಿಗ್ಗೆ ಅಲ್ವಾ ಅಜ್ಜಿ?"

"ಬೆಳಿಗ್ಗೇನೇ. ಆದ್ರೆ ಸುಕ್ರವಾರ ಕಣವ್ವಾ. ನಾಳೆ ಬಾ."

"ನಾಳೆ ನಿಜವಾದ್ದು ಕೊಡ್ತೀರಾ?"

"ಒಳಗೇ ಬಂದ್ ನೋಡ್ಕ. ಗಡಿಗೆಯಿಂದಾನೇ ತೆಗ್ದು ಕೊಡ್ತೀನಿ. ಆದ್ರೆ ಗಡಿಗೆ ಮುಟ್ಬ್ಯಾಡ."

ಹಿಂದಿರುಗುವ ಬಸ್ಸಿನಲ್ಲಿ ಅವಳು ಸಿದ್ದಾರ್ಥನಿಗೆ ಫೋನು ಮಾಡಿ, ತಪ್ಪು ತನ್ನದೇ ಎಂದಳು.

"ಹಂಗಾದ್ರೆ ಆ ಬೀಗ ನಂಗ್ ಕೊಡು," ಎಂದ. "ಸೈಕಲ್‌ಗೆ ಬೇಕು."

ಶನಿವಾರ ಬೆಳಿಗ್ಗೆ ಐದು ಮನೆಗಳ ಹೆಪ್ಪು ತಂದರೆ ಪ್ಲೇಟುಗಳು ಸೋಮವಾರ ಎಣಿಕೆಗೆ ಬರುತ್ತವೆ. ಆಮೇಲೆ ವರದಿಗೆ ಅವಳ ಬಳಿ ಒಂದು ವಾರ ಇರುತ್ತದೆ.