ಮಿನೋರಿಯ ಎದೆಕೊಬ್ಬು

ಖಾಲಿ ಕೊಟ್ಟಿಗೆಯಲ್ಲಿ ಹಸು ಮಿನೋರಿ ಕೆಮ್ಮಿದ ಸದ್ದಾಯಿತು. ಸುಮಿಎ ತೌಡು ಕಲಸಿದ ಬಕೆಟ್ಟು ಹಿಡಿದು ಬಾಗಿಲವರೆಗೂ ಹೋದಳು. ಹಸುವನ್ನು ಕಸಾಯಿಖಾನೆಗೆ ಕಳಿಸಿಯಾಗಿದೆ ಎಂಬುದು ಆಮೇಲೆ ನೆನಪಾಯಿತು. ಕೈಗಳಿಗೆ ಮಾತ್ರ ಇನ್ನೂ ನೆನಪಾಗಿರಲಿಲ್ಲ. ಸಂಜೆಯಾದರೆ ತಾವಾಗಿಯೇ ಕಲಸುತ್ತಿದ್ದವು. ಅಕ್ಕಿ ತೌಡು ತಿಂದರೆ ಕೊಬ್ಬು ಮೆತ್ತಗಾಗುತ್ತದೆ ಎಂಬುದು ತೊತ್ತೊರಿ ಸೀಮೆಯ ದನಸಾಕಣೆಯವರ ನಂಬಿಕೆ. ಕಲಸಿದವಳು ಸುಮಿಎ, ದನಗಳ ಸ್ಪರ್ಧೆಯ ಬಹುಮಾನದ ಫಲಕದ ಮೇಲಿದ್ದದ್ದು ಗಂಡ ಕಾತ್ಸುಜಿಯ ಹೆಸರು.

ಅವಳು ಒಳಗೆ ಬಂದಾಗ ಸಹಕಾರ ಸಂಘದ ಇವಾಬೂಚಿ ಮಾಂಸದ ಪೊಟ್ಟಣಗಳನ್ನು ಬಿಚ್ಚುತ್ತಿದ್ದ.

"ಅಕ್ಕಾ, ಎಲ್ಲಾ ನಿಮ್ಮ ಮಿನೋರೀದೇ. ಇದು ಬೆನ್ನಿಂದು, ಇದು ತೊಡೇದು, ಇದು ಎದೇದು. ಹಸು ಒಂದೇ, ಕೊಬ್ಬು ಮಾತ್ರ ಒಂದೊಂದು ಕಡೆ ಒಂದೊಂದು ಥರ. ಪರೀಕ್ಷೇಲಿ ಎದೇದ್ರಲ್ಲೇ ಕೊಬ್ಬು ಮೆತ್ತಗೆ ಮಾಡೋ ಒಲೆಯಿಕ್ ಆಮ್ಲ ಜಾಸ್ತಿ ಬಂದಿದೆ. ಬಾಯಿಗಿಟ್ರೆ ಕರಗೋಗುತ್ತೆ."

"ಎಲ್ಲಾ ನನ್ನ ಅಂದಾಜು ಕಣಯ್ಯಾ," ಎಂದ ಕಾತ್ಸುಜಿ. "ತೌಡು ಎಷ್ಟು ಹಾಕ್ಬೇಕು ಅಂತ ನಂಗೊಬ್ನಿಗೇ ಗೊತ್ತು."

"ಬಕೆಟ್ಟು ಎಲ್ಲಿಟ್ಟಿರ್ತೀನಿ ಅಂತ ಗೊತ್ತಾ?" ಒಲೆಯ ಬಳಿಯಿಂದ ಸುಮಿಎ ಕೇಳಿದಳು.

ಇವಾಬೂಚಿ ನಕ್ಕ. ಕಾತ್ಸುಜಿ ಲೋಟಕ್ಕೆ ಮದ್ಯ ಸುರಿದುಕೊಂಡ. "ಬೇಗ ಮಾಡೇ. ನಾಳೆ ಹೊಸ ಕರು ಬರುತ್ತೆ, ನೀನು ಬೆಳಗ್ಗೆ ಬೇಗ ಏಳ್ಬೇಕು."

ಮಾಂಸ, ತರಕಾರಿ ಒಟ್ಟಿಗೆ ಬೇಯಿಸುವ ಸುಕಿಯಾಕಿಗೆ ಮೊದಲು ಕಬ್ಬಿಣದ ಬಾಣಲೆಗೆ ಕೊಬ್ಬಿನ ಉಂಡೆ ಸವರಬೇಕು. ಅವಳು ಎದೆಯ ಕೊಬ್ಬನ್ನು ಎತ್ತಿಕೊಂಡಳು. ಅದು ಬಾಣಲೆ ತಲುಪುವ ಮೊದಲೇ ಅಂಗೈಯಲ್ಲಿ ಬೆವರತೊಡಗಿತು. ಕರುವಾಗಿ ಬಂದ ಹೊಸದರಲ್ಲಿ ಚಳಿಗೆ ನಡುಗುತ್ತ ಮಿನೋರಿ ಅವಳ ಮೊಣಕಾಲಿಗೆ ಒತ್ತಿ ನಿಂತಿದ್ದು ಇದೇ ಎದೆಯನ್ನು. ಬ್ರಷ್ಷು ಆ ಜಾಗಕ್ಕೆ ಬಂದಾಗ ಕಣ್ಣು ಮುಚ್ಚುತ್ತಿತ್ತು.

ಹಿತ್ತಲಿಂದ ಮತ್ತೆ ಕೆಮ್ಮು. ಗಂಡಸರಿಬ್ಬರೂ ಮಾತಾಡುತ್ತಲೇ ಇದ್ದರು.

ಅವಳು ಉಂಡೆಯನ್ನು ಬಾಣಲೆಗೆ ಬಿಟ್ಟಳು. ಅಡುಗೆ ಮಾಡಿ ಬಡಿಸಿದಳು. ತನಗೆ ಬಟ್ಟಲು ಇಟ್ಟುಕೊಳ್ಳಲಿಲ್ಲ. ಬಿಸಿನೀರಲ್ಲಿ ಎಷ್ಟು ತಿಕ್ಕಿದರೂ ಅಂಗೈಯ ಜಿಡ್ಡು ಹೋಗಲಿಲ್ಲ.

"ನಾಳೆ ಬರೋದನ್ನ ನೀವೇ ಸಾಕಿ," ಎಂದಳು. "ನಾನು ಮುಟ್ಟಲ್ಲ."

ಕಾತ್ಸುಜಿ ಬಾಯಲ್ಲಿದ್ದದ್ದನ್ನು ನುಂಗಿದ. "ಯಾಕೆ, ಏನಾಯ್ತು?"

"ಮಿನೋರಿಯೇ ಇನ್ನೂ ನನ್ನ ಕೈ ಬಿಟ್ಟಿಲ್ಲ."

"ಬಂದವರ ಮುಂದೆ ಏನು ಮಾತು ಇದು," ಎಂದ. ಇವಾಬೂಚಿ ತಲೆ ತಗ್ಗಿಸಿ ಬಟ್ಟಲಿನೊಳಗೆ ನೋಡಿದ.

ಬೆಳಗ್ಗೆ ಲಾರಿ ಬಂತು. ಅಂಗಳದಲ್ಲಿ ಕರು ಅರಚಿತು. ಸುಮಿಎಯ ಎರಡೂ ಕೈ ಮೇಲೆದ್ದವು. ಅವಳು ಅವನ್ನು ತೊಡೆಯ ಕೆಳಗೆ ಒತ್ತಿ ಕೂತಳು. ಅರಚಾಟ ನಿಲ್ಲಲಿಲ್ಲ. ಕೊನೆಗೆ ಕಾತ್ಸುಜಿ ಬಾಗಿಲಲ್ಲಿ ನಿಂತ.

"ಕಲಸೋ ನೀರು ಎಷ್ಟು ಬೆಚ್ಚಗಿರ್ಬೇಕು?"

"ಕೈ ಹಾಕಿ ನೋಡಿ."

ಅವನು ಕೈಗವಸು ಬಿಚ್ಚಿದ.