ಅಳಿಸದೆ ಬಿಟ್ಟ ಗುರುತು

ಆಡುವ ಕಾಲದಲ್ಲಿ ಅವಳನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಹೇಗೆ ಹೊಡೆದರೂ ಚೆಂಡು ವಾಪಸು ಬರುತ್ತಿತ್ತಲ್ಲ, ಅದಕ್ಕೆ. ಹನ್ನೊಂದು ವರ್ಷ ಟೆನಿಸ್ಸನ್ನೇ ನಂಬಿಕೊಂಡು ಬಸ್ಸು, ರೈಲು, ಅಗ್ಗದ ಹೋಟೆಲುಗಳಲ್ಲಿ ಜೀವ ಸವೆಸಿದಳು. ಜಗತ್ತಿನಲ್ಲಿ ಇನ್ನೂರ ಹದಿನಾಲ್ಕನೆಯವಳಾದೆ ಎಂದರೆ ಚಿಕ್ಕಪ್ಪ, "ಕೊನೆಯಿಂದಲಾ?" ಎಂದು ಕೇಳಿದ್ದ. ಅವನಿಗೇನು ಗೊತ್ತು, ಮಣ್ಣಂಗಟ್ಟಿ!

ಆದರೆ ಆ ಸ್ಥಾನ ಬಂದ ಬಗೆ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಸಣ್ಣ ಟೂರ್ನಿಗಳಲ್ಲಿ ಗೆರೆ ಕಾಯಲು ಬೇರೆ ಜನ ಇರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಟಗಾರ್ತಿಯೇ ಹೇಳಬೇಕು. ಮಣ್ಣಿನ ಅಂಕಣವಾದರೆ ಚೆಂಡಿನ ಗುರುತು ತೋರಿಸಬೇಕು. ಆ ಸ್ಥಾನ ತಂದುಕೊಟ್ಟ ಪಂದ್ಯದಲ್ಲಿ ಅವತ್ತು ಇನ್ನೊಂದು ಪಾಯಿಂಟ್ ಬಂದರೆ ಗೆಲುವು. ಎದುರಾಳಿ ಹುಡುಗಿಯ ಹೊಡೆತ ಗೆರೆಯ ಮೇಲೇ ಬಿತ್ತು. ಗೋಡೆ "ಔಟ್" ಎಂದಳು. ಹುಡುಗಿ ನೆಟ್‌ವರೆಗೂ ಓಡಿಬಂದಾಗ, ಗೆರೆಯಿಂದ ಎರಡು ಬೆರಳಾಚೆ ಇದ್ದ ಹಳೆಯ ಗುರುತನ್ನು ರಾಕೆಟ್ಟಿನಿಂದ ತೋರಿಸಿದಳು. ಹುಡುಗಿ ನಂಬಿ ಕೈಕುಲುಕಿದಳು. ಆಮೇಲೆ ಅವಳು ಯಾವ ಟೂರ್ನಿಯಲ್ಲೂ ಕಾಣಲಿಲ್ಲ.

ಭುಜ ಕೈಕೊಟ್ಟ ಮೇಲೆ ಗೋಡೆ ಮಕ್ಕಳಿಗೆ ಕಲಿಸಲು ನಿಂತಳು. ಅವಳದೊಂದೇ ಹಟ: ಪ್ರತಿ ಪಾಯಿಂಟ್ ಮುಗಿದ ಕೂಡಲೇ ಶೂಗಾಲಿನಿಂದ ಗುರುತು ಒರೆಸಬೇಕು. "ಮೇಡಂಗೆ ಕಸ ಗುಡಿಸೋ ಹುಚ್ಚು" ಎಂದು ಮಕ್ಕಳು ನಗುತ್ತಿದ್ದರು.

ಹದಿನಾಲ್ಕು ವರ್ಷದ ನಂತರ ಒಂದು ಬೆಳಗ್ಗೆ ಅದೇ ಎದುರಾಳಿ ತನ್ನ ಎಂಟು ವರ್ಷದ ಮಗಳನ್ನು ಕರೆತಂದಳು. ಮಗುವನ್ನು ಉಳಿದ ಮಕ್ಕಳ ಜೊತೆ ಆಡಲು ಬಿಟ್ಟು ಇಬ್ಬರೂ ಬೆಂಚಿನ ಮೇಲೆ ಕೂತರು.

"ಅಕ್ಕಾ, ಇವಳಿಗೆ ನೀವೇ ಕಲಿಸ್ಬೇಕು. ನಿಮ್ಮಷ್ಟು ನೇರವಾಗಿ ಆಡಿದವರನ್ನ ನಾನು ನೋಡೇ ಇಲ್ಲ. ಆ ಸುಲಭದ ಚೆಂಡನ್ನ ಹೊರಗೆ ಹೊಡೆದೆನಲ್ಲ, ನನ್ನ ಕೈಲಿ ಆಗಲ್ಲ ಅಂತ ಅವತ್ತೇ ಬಿಟ್ಟುಬಿಟ್ಟೆ."

ಗೋಡೆ ಆಡುತ್ತಿದ್ದ ಮಗುವಿನ ಕಡೆ ನೋಡಿದಳು. ಹೇಳಿದರೆ ಇರುವ ಒಂದು ಒಳ್ಳೆಯ ಹೆಸರೂ ಹೋಗುತ್ತದೆ. ಹೇಳದಿದ್ದರೆ ಈ ಮಗುವಿನ ಮುಖವನ್ನು ದಿನಾ ಹೇಗೆ ನೋಡುವುದು?

"ನೀನು ಹೊರಗೆ ಹೊಡೀಲಿಲ್ಲ. ಚೆಂಡು ಗೆರೆ ಮೇಲಿತ್ತು. ನಾನು ತೋರಿಸಿದ್ದು ಹಳೇ ಗುರುತು. ಗೊತ್ತಿದ್ದೇ ತೋರಿಸಿದೆ."

ಮಗುವಿನ ತಾಯಿ ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ಹೇಳದೇ ಇದ್ದಿದ್ರೆ ಚೆನ್ನಾಗಿತ್ತು ಅಕ್ಕಾ. ನಂದೇ ತಪ್ಪು ಅಂದ್ಕೊಂಡು ಹೇಗೋ ಸಮಾಧಾನ ಮಾಡ್ಕೊಂಡಿದ್ದೆ."

ಎದ್ದು ನಿಂತು ಮಗಳನ್ನು ಕೂಗಿದಳು. "ಬಾ, ಹೋಗೋಣ."

ಮಗು ಅಲ್ಲಿಂದಲೇ ಕೈಯೆತ್ತಿತು. "ತಾಳಮ್ಮ, ಗುರುತು ಒರೆಸದೆ ಹೋಗಬಾರದಂತೆ" ಎಂದು, ತಲೆ ಬಗ್ಗಿಸಿ, ಶೂ ತಿಕ್ಕುತ್ತಾ ನಿಂತಿತು.