ಟಾಕಿಯ ಮುಚ್ಚಳದಲ್ಲೊಂದು ತೂತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆ ಬಾಗಲಕೋಟೆಯ ಅಂಚಿನಲ್ಲಿ, ಡಾಂಬರು ರಸ್ತೆಯೊಂದು ನೇರವಾಗಿ ಹೋಗಿ ಹಿನ್ನೀರಿನೊಳಗೆ ಇಳಿದುಬಿಡುವ ಜಾಗದಲ್ಲಿ, ಬಂದೇನವಾಜ ಅವರು ಮೀನುಗಾರ ಹಣಮೇಶನ ದೋಣಿಗೆ ಕಲ್ಲು ಹೇರಿಸುತ್ತಿದ್ದಾರೆ. ಹಣಮೇಶ ಒಂದೊಂದೇ ಕಲ್ಲು ತಂದು ಇಡುತ್ತಾನೆ. ಬಂದೇನವಾಜ ಮೊಣಕಾಲುದ್ದ ನೀರಿನಲ್ಲಿ ನಿಂತು ದೋಣಿ ಎಷ್ಟು ಕುಸಿಯಿತೆಂದು ನೋಡುತ್ತಾರೆ. ಇನ್ನೂ ಸಾಲದು ಎಂದು ಕೈ ಮಾಡುತ್ತಾರೆ.

"ಕಾಕಾ, ಮೋಟಾರು ರಿಪೇರಿ ಮಾಡು ಅಂದ್ರ ಮನಿ ಕಟ್ಟಾಕ ನಿಂತಿಯಲ್ಲ," ಎನ್ನುತ್ತಾನೆ ಹಣಮೇಶ.

"ಖಾಲಿ ದೋಣ್ಯಾಗ ಎಲ್ಲಾ ಮೋಟಾರೂ ಶಾಣ್ಯಾ ಇರ್ತಾವೋ. ಹೊರಿ ಬಿದ್ದಾಗ ಅದರ ಗುಣ ಗೊತ್ತಾಗೂದು."

"ಹಂಗಾರ ಇದು ನಮ್ಮ ಷಡ್ಡಕನ ಜಾತಿದು."

ಮೋಟಾರು ಹಳೆಯದು. ಮೇಲಿನ ಬಣ್ಣ ಎಂದೋ ಹೋಗಿದೆ. ಟೋಪಿಯಂಥ ಮುಚ್ಚಳವನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದ್ದಾರೆ. ದಂಡೆಯಲ್ಲಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಶುರುವಾಗುತ್ತದೆ, ನಿಧಾನ ಇದ್ದಷ್ಟು ಹೊತ್ತೂ ಚೆನ್ನಾಗಿಯೇ ಓಡುತ್ತದೆ. ಬಲೆ, ಮೀನು, ಮಂದಿ ತುಂಬಿಕೊಂಡು ನಡುನೀರಿಗೆ ಹೋಗಿ ವೇಗ ಕೊಟ್ಟರೆ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ. ಇಂಥ ಮೋಟಾರನ್ನು ನೀರಿನ ಡ್ರಮ್ಮಿನಲ್ಲಿಟ್ಟು ಪರೀಕ್ಷೆ ಮಾಡಿ ಕೊಡುವವರಿದ್ದಾರೆ. ಬಂದೇನವಾಜ ಒಪ್ಪುವುದಿಲ್ಲ. ಹೊರೆ ಹೇರಿ, ತಾವೂ ಹತ್ತಿ, ನೀರಿನ ಮೇಲೆ ಹೋಗಿಯೇ ನೋಡಬೇಕು.

ದೋಣಿ ದಂಡೆ ಬಿಡುತ್ತದೆ. ಅವರು ಮೊದಲು ಮುಟ್ಟುವುದು ಮೋಟಾರನ್ನಲ್ಲ, ಪೆಟ್ರೋಲ್ ಟಾಕಿಯ ಮುಚ್ಚಳವನ್ನು. ಕಿವಿಯನ್ನು ಅದರ ಹತ್ತಿರ ಒಯ್ದು, ನಿಧಾನಕ್ಕೆ ಸಡಿಲಿಸಿ ಕೇಳುತ್ತಾರೆ. ಏನೂ ಸದ್ದಿಲ್ಲ. ಟಾಕಿಯಿಂದ ಮೋಟಾರಿಗೆ ಹೋಗುವ ಪೈಪಿನ ನಡುವೆ ರಬ್ಬರಿನ ಉಂಡೆಯೊಂದಿರುತ್ತದೆ. ವೇಗ ಕೊಟ್ಟೊಡನೆ ಮೋಟಾರು ಕೆಮ್ಮತೊಡಗಿದಾಗ ಅದನ್ನು ಒತ್ತುತ್ತಾರೆ. ಮೋಟಾರು ಚೇತರಿಸಿಕೊಳ್ಳುತ್ತದೆ, ಮತ್ತೆ ಬಳಲುತ್ತದೆ. ಒತ್ತಿದ ಉಂಡೆ ಉಬ್ಬಿ ಬರಲು ತಡಮಾಡುತ್ತಿದೆ. "ಕಿಡಿ ಬರೋಬ್ಬರಿ ಐತಿ. ಇದಕ್ಕ ಹೊಟ್ಟಿಗೆ ಸಾಲವಲ್ದು," ಎಂದು ದೋಣಿ ತಿರುಗಿಸಲು ಹೇಳುತ್ತಾರೆ.

ದಂಡೆಗೆ ಬಂದು ಪೈಪನ್ನು ಉದ್ದಕ್ಕೆ ಸೀಳಿ ತೋರಿಸುತ್ತಾರೆ. ಹೊರಗೆ ಕಪ್ಪಗೆ ಮಿರಿಮಿರಿ ಮಿಂಚುವ ಪೈಪು, ಒಳಗಿನ ಪದರು ಬಾತುಕೊಂಡು ಕಿತ್ತು ದಾರಿ ಮುಚ್ಚಿದೆ. ನಿಧಾನಕ್ಕೆ ಓಡಲು ಬೇಕಾದಷ್ಟು ಪೆಟ್ರೋಲು ಹೇಗೋ ನುಸುಳುತ್ತದೆ, ಹೊರೆ ಎಳೆಯುವಷ್ಟು ಹೋಗುವುದಿಲ್ಲ. ಬೇರೆ ಪೈಪು ಹಾಕುತ್ತಾರೆ. ಹಗ್ಗದ ಹಿಡಿಕೆ ಒಡೆದು ಚೂಪಾಗಿರುವುದು ಕಣ್ಣಿಗೆ ಬಿದ್ದು, ಯಾರೂ ಕೇಳದಿದ್ದರೂ ಅದಕ್ಕೆ ಬಟ್ಟೆ ಸುತ್ತಿ ದಾರ ಬಿಗಿಯುತ್ತಾರೆ. ಹಣಮೇಶನ ಅಂಗೈಯಲ್ಲಿ ಗಾಯವಿದೆ.

ಕೆಲಸ ಇಷ್ಟು ಬೇಗ ಮುಗಿಯಬೇಕಾದ ಕಾರಣ ಮೀನಲ್ಲ. ಹೊತ್ತು ಏರಿದರೆ ಆಚೆ ದಂಡೆಗೆ ಮಂದಿ ಸಾಗಿಸುವ ಬೋಟುಗಳು ಇಲ್ಲಿಗೆ ಬರುತ್ತವೆ. ಅವುಗಳಲ್ಲಿ ಕಾಳಪ್ಪನದೂ ಒಂದು. ಬಂದೇನವಾಜರ ಕೈಯಲ್ಲಿ ಮೋಟಾರು ರಿಪೇರಿ ಮಾಡಿಸುವವರು ಕಾಳಪ್ಪನ ಕಣ್ಣಿಗೆ ಬೀಳಲು ಇಷ್ಟಪಡುವುದಿಲ್ಲ.

ಬಂದೇನವಾಜ ಹುಟ್ಟಿದ್ದು ಹುನಗುಂದದಲ್ಲಿ. ತಂದೆ ಸೈಕಲ್ ರಿಪೇರಿ ಮಾಡುತ್ತಿದ್ದರು. ಮಗ ಹರೆಯದಲ್ಲಿ ಮರೋಳದ ಕಡೆ ಹೊಲಗಳ ಪಂಪ್‌ಸೆಟ್ಟು ಬಿಚ್ಚಿ ಕಟ್ಟುತ್ತ ಕೆಲಸ ಕಲಿತು, ಬಾಗಲಕೋಟೆಗೆ ಬಂದು ಸ್ಕೂಟರ್ ಗ್ಯಾರೇಜು ಹಾಕಿದ. ಆಮೇಲೆ ಆಲಮಟ್ಟಿ ಅಣೆಕಟ್ಟಿನ ನೀರು ಏರಿತು. ಗ್ಯಾರೇಜಿದ್ದ ಓಣಿ ಮುಳುಗಿತು. ನವನಗರದಲ್ಲಿ ಮನೆಗೆ ಜಾಗ ಸಿಕ್ಕಿತು, ಕಟ್ಟಿಕೊಂಡರು. ಮುಳುಗಿದ ಓಣಿಯ ಮೇಲೆ ಬೋಟುಗಳು ಓಡಾಡತೊಡಗಿದಾಗ ಅವುಗಳ ಮೋಟಾರು ಕೆಟ್ಟು ನಿಂತು, ಮಂದಿ ಇವರನ್ನು ಹುಡುಕಿಕೊಂಡು ಬಂದರು. "ಬಿಚ್ಚಿ ನೋಡಿದೆ. ಸ್ಕೂಟರಿನ ತಮ್ಮನ ಇದ್ದಂಗಿತ್ರಿ," ಎಂದು ನಗುತ್ತಾರೆ. ಅಂದಿನಿಂದ ದಿನವೂ ಮೊದಲ ಬಸ್ಸಿಗೆ ಚೀಲ ಹೆಗಲಿಗೇರಿಸಿ ನೀರಿನ ದಂಡೆಗೆ ಬರುತ್ತಾರೆ. ಈಗ ಅರವತ್ತು ದಾಟಿದೆ. ತಗಡಿನ ಶೆಡ್ಡೊಂದು ಅವರ ಅಂಗಡಿ. ಒಂದು ಕಾಲದಲ್ಲಿ ಅದರ ಮುಂದೆ ಮೋಟಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಈಗ ವಾರಕ್ಕೆ ಎರಡೋ ಮೂರೋ ಬಂದರೆ ಹೆಚ್ಚು, ಅದೂ ನಸುಕಿನಲ್ಲಿ.

ಕಾಳಪ್ಪನ ಮನೆಗೂ ಇವರಿಗೂ ಮೊದಲು ಹೀಗಿರಲಿಲ್ಲ. ಕಾಳಪ್ಪ ಮತ್ತು ತಮ್ಮ ಲಕ್ಷ್ಮಣ ಬೋಟು ಕೊಂಡ ದಿನದಿಂದ ಮೋಟಾರಿಗೆ ಕೈ ಹಾಕಿದವರು ಬಂದೇನವಾಜ ಒಬ್ಬರೇ. ಅಣ್ಣತಮ್ಮಂದಿರ ಮನೆ ಬೀರಪ್ಪ ದೇವರ ಒಕ್ಕಲು. ಮೋಟಾರು ರಿಪೇರಿಯಾಗಿ ಬಂದಾಗಲೆಲ್ಲ ತಾಯಿ ಮಾಯವ್ವ ಅದಕ್ಕೆ ಭಂಡಾರ ಹಚ್ಚಿ, ಕಾಯಿ ಒಡೆದು, ಆಮೇಲೆಯೇ ನೀರಿಗಿಳಿಸಲು ಬಿಡುವುದು. ದೇವರ ಅರಿಶಿನ ಬಿದ್ದ ಮೇಲೆ ನೀರಿನ ಭಯವಿಲ್ಲ ಎಂಬುದು ಅವರ ನಂಬಿಕೆ. ಆ ಪೂಜೆಗೆ ಬಂದೇನವಾಜ ನಿಲ್ಲಲೇಬೇಕು, ಕಾಯಿಯ ಮೊದಲ ಹೋಳು ಅವರಿಗೇ. "ಯಾವ ದೇವರ ಕೈ ಆದ್ರೇನ, ಮೊದಲು ಮುಟ್ಟಿದ್ದು ಇವನ ಕೈ," ಎನ್ನುತ್ತಿದ್ದಳಂತೆ ಮಾಯವ್ವ.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿದು ಹಿನ್ನೀರು ತುಂಬಿ ನಿಂತಾಗ, ಆ ಮೋಟಾರು ಹೊರೆಗೆ ನಿಲ್ಲತೊಡಗಿತು. ಬಂದೇನವಾಜ ಎಲ್ಲ ಬಿಚ್ಚಿ ತೊಳೆದು ಕಟ್ಟಿದರು. ಅಣ್ಣತಮ್ಮಂದಿರನ್ನೂ ಕಲ್ಲನ್ನೂ ಹೇರಿಕೊಂಡು ಆಚೆ ದಂಡೆಗೆ ಹೋಗಿ ಬಂದರು. ಎಲ್ಲೂ ನಿಲ್ಲಲಿಲ್ಲ. ಟಾಕಿ ಮಾತ್ರ ಸೋರುತ್ತಿತ್ತು. ಹೊಸ ಪ್ಲಾಸ್ಟಿಕ್ ಟಾಕಿ ತರಲು ಹೇಳಿ ಮನೆಗೆ ಹೋದರು. ಅಂದು ಹೆಂಡತಿ ಕಾಸಿಂಬಿಗೆ ಜ್ವರ. ಮರುದಿನದ ಪೂಜೆಗೆ ಅವರು ನಿಲ್ಲಲಿಲ್ಲ, ಅದೊಂದೇ ಸಲ.

ಹೊಸ ಟಾಕಿ ಎಂದು ಮಾಯವ್ವ ಆ ಸಲ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ, ದೇವರಿಗೆ ಮೈತುಂಬ ಹಚ್ಚುವಂತೆ ಹಚ್ಚಿದಳು. ನೆತ್ತಿ ಎಂದು ಮುಚ್ಚಳದ ಮೇಲೆ ಹೆಚ್ಚು ಮೆತ್ತಿದಳು.

ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಸುರುವಿದರೆ ಏನಾಗುತ್ತದೆಂದು ಅಡುಗೆಮನೆಯವರಿಗೆಲ್ಲ ಗೊತ್ತು. ಒಂದಿಷ್ಟು ಇಳಿದು ನಿಂತುಬಿಡುತ್ತದೆ. ಗಾಳಿ ಒಳಗೆ ಹೋಗಲು ಎದುರಿಗೆ ಇನ್ನೊಂದು ತೂತು ಬೇಕು. ಟಾಕಿಯ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು ಇರುವುದು ಅದಕ್ಕೇ. ಅದು ಮುಚ್ಚಿದರೆ ಮೋಟಾರು ದಂಡೆಯ ಹತ್ತಿರ ಚೆನ್ನಾಗಿಯೇ ಓಡುತ್ತದೆ. ದೂರ ಹೋಗಿ, ಹೊರೆ ಎಳೆಯುವಾಗ, ಪೆಟ್ರೋಲು ಬಾರದೆ ನಿಲ್ಲುತ್ತದೆ.

ಪೂಜೆ ಮುಗಿದು ಹೊರಟ ಬೋಟಿನಲ್ಲಿ ತುಂಬ ಮಂದಿ, ಎರಡು ಬೈಕು. ನಡುನೀರಿನಲ್ಲಿ ಮೋಟಾರು ನಿಂತಿತು. ಹಗ್ಗ ಎಳೆದರೆ ಶುರುವಾಗಿ ಮತ್ತೆ ನಿಂತಿತು. ಗಾಳಿ ಬೋಟನ್ನು ಮುಳುಗಿದ ಜಾಲಿಮರಗಳ ಕಡೆ ತಳ್ಳಿತು. ಟೊಂಗೆಗೆ ಸಿಕ್ಕಿ ವಾಲತೊಡಗಿದಾಗ ಹೆಂಗಸರು ಮಕ್ಕಳು ಹೆದರಿ ಒಂದೇ ಕಡೆ ಸರಿದರು. ಲಕ್ಷ್ಮಣ ನೀರಿಗಿಳಿದು ಹೆಗಲು ಕೊಟ್ಟು ಬೋಟನ್ನು ಬಿಡಿಸಿದ. ಎಲ್ಲರೂ ಉಳಿದರು. ಯಾರೋ ಬಿಟ್ಟುಹೋದ ಹಳೆ ಬಲೆ ಅವನ ಕಾಲಿಗೆ ಸುತ್ತಿಕೊಂಡಿತ್ತು. ಅವನು ಮೇಲೆ ಬರಲಿಲ್ಲ.

ಸುದ್ದಿ ಕೇಳಿ ಬಂದೇನವಾಜ ಓಡಿ ಬಂದಾಗ ದಂಡೆಯಲ್ಲಿ ಮಂದಿ ನೆರೆದಿತ್ತು. ಕಾಳಪ್ಪ ಎದ್ದು ಬಂದು ಅಂಗಿ ಹಿಡಿದ. "ಏನ್ ರಿಪೇರಿ ಮಾಡಿದ್ಯೋ? ನನ್ನ ತಮ್ಮನ್ನ ತಿಂದ್ಯಲ್ಲೋ." ಅವನು ಕೈ ಬಿಟ್ಟ ಮೇಲೆ ಬಂದೇನವಾಜ ಬೋಟು ಹತ್ತಿದರು. ಟಾಕಿಯ ಎರಡೂ ಮಗ್ಗುಲು ಒಳಗೆ ಕುಸಿದಿದ್ದವು. ಮುಚ್ಚಳ ಸಡಿಲಿಸಿದೊಡನೆ ಟಾಕಿ ಉದ್ದಕ್ಕೆ ಉಸಿರೆಳೆಯಿತು. ಮುಚ್ಚಳ ತಿರುವಿ ನೋಡಿದರು. ತೂತಿನಲ್ಲಿ ಹಳದಿ ಗಟ್ಟಿಯಾಗಿ ಕೂತಿತ್ತು.

"ತಿರುಗಿ ನೋಡಿದ್ರ ಮಾಯವ್ವ ಮಗನ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ಲು," ಎನ್ನುತ್ತಾರೆ ಬಂದೇನವಾಜ. "ಅಕಿ ಬೆರಳ ಸಂದ್ಯಾಗ ಇನ್ನೂ ಭಂಡಾರ ಇತ್ರಿ."

ಅವರು ಅಂಗಿಯ ತುದಿಯಿಂದ ಮುಚ್ಚಳ ಒರೆಸಿದರು. ಜೇಬಿನಲ್ಲಿದ್ದ ಪಿನ್ನಿನಿಂದ ತೂತು ಬಿಡಿಸಿದರು. ತಮ್ಮನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನು ತಮ್ಮ ಕೈಯಿಂದಲೇ ಅಳಿಸಿ ಕೆಳಗಿಳಿದರು. ಪೊಲೀಸರು ಕೇಳಿದಾಗ "ಹಳೇ ಮೋಟಾರು, ನಿಂತೈತಿ ಸಾಹೇಬ್ರ" ಎಂದಷ್ಟೇ ಹೇಳಿದರು. ಸುಮ್ಮನಿದ್ದವನೇ ತಪ್ಪು ಮಾಡಿದವನೆಂದು ದಂಡೆ ತೀರ್ಮಾನಿಸಿತು. ಮಂದಿ ಸಾಗಿಸುವ ಬೋಟಿನವರೆಲ್ಲ ಒಬ್ಬೊಬ್ಬರಾಗಿ ಆಚೆ ದಂಡೆಯ ಮೆಕ್ಯಾನಿಕ್ಕಿನ ಹತ್ತಿರ ಹೋದರು.

ನವನಗರದ ಮನೆಯಲ್ಲಿ ಸೀರೆಯ ಸೆರಗಿಗೆ ಗೊಂಡೆ ಕಟ್ಟುತ್ತ ಕೂತ ಕಾಸಿಂಬಿ ಗಂಡನ ಕಡೆ ನೋಡದೆ ಹೇಳುತ್ತಾಳೆ, "ಇವರ ಒಳ್ಳೇತನ ಒಲಿಗಿ ಹಾಕಿದ್ರ ರೊಟ್ಟಿ ಬೇಯ್ತಾವೇನ್ರಿ? ನನಗ ಸುದ್ದಾ ಹೇಳಿದ್ದಿಲ್ಲ. ನನ್ನ ಜ್ವರದ ಸಂಬಂಧ ಪೂಜಿ ತಪ್ಪೇತಿ ಅಂತ ನಾ ಎರಡು ವರ್ಷ ಅತ್ತೇನಿ." ಹೇಳಿದ ಮೇಲೆ ಎದ್ದು ಹೋಗಿ ಗಂಡನ ಚಹಾ ಮತ್ತೊಮ್ಮೆ ಬಿಸಿ ಮಾಡಿ ತರುತ್ತಾಳೆ.

ಗುಟ್ಟು ಹೊರಬಿದ್ದದ್ದು ಹೋದ ವರ್ಷ. ಹಣಮೇಶ ಮಾಯವ್ವನ ತಂಗಿಯ ಮಗ. ಅವನ ದೋಣಿಯ ಪೂಜೆಗೆ ಆಕೆ ಬಂದಿದ್ದಳು. ಬಂದೇನವಾಜ ಎಲ್ಲರಿಗಿಂತ ಮುಂಚೆ ಹೋಗಿ ಟಾಕಿಯ ಮುಚ್ಚಳಕ್ಕೆ ಬಟ್ಟೆ ಸುತ್ತಿದ್ದರು. ಪೂಜೆ ಮುಗಿದ ಮೇಲೆ ಬಟ್ಟೆ ಬಿಚ್ಚಿ ತೂತಿಗೆ ಪಿನ್ನು ಹಾಕಿ ನೋಡಿದರು. ಮಾಯವ್ವ ಬಂದು ಪಕ್ಕದಲ್ಲಿ ನಿಂತದ್ದು ಗೊತ್ತಾಗಲಿಲ್ಲ.

"ಅದೇನೋ ತಮ್ಮಾ, ಆ ತೂತು?"

"ಏನಿಲ್ಲ ಯವ್ವಾ. ಸುಮ್ನ ತೂತು."

"ಸುಮ್ನ ತೂತು ಯಾರೂ ಮಾಡೂದಿಲ್ಲೋ ಬಂದೇನವಾಜ."

ಅವರು ಮುಖ ತಿರುಗಿಸಿದರು. ಮಾಯವ್ವ ಬಟ್ಟೆ ನೋಡಿದಳು, ಪಿನ್ನು ನೋಡಿದಳು, ತನ್ನ ಬೆರಳು ನೋಡಿಕೊಂಡಳು. ಅಲ್ಲೇ ಮರಳಿನ ಮೇಲೆ ಕೂತಳು. "ಎರಡು ವರ್ಷ ನನ್ನ ಪಾಪ ನೀ ಹೊತ್ತಿ," ಎಂದಳು.

ಮರುದಿನ ಮಾಯವ್ವ ದಂಡೆಗೆ ಹೋಗಿ ಬೋಟಿನವರೆಲ್ಲರ ಎದುರು ಹೇಳಿದಳು. ಮೋಟಾರಿನ ತಪ್ಪಲ್ಲ, ತನ್ನ ಕೈಯ ತಪ್ಪು ಎಂದಳು. ಅಂದಿಗೆ ಬಂದೇನವಾಜರ ಹೆಸರು ತೊಳೆದುಹೋಗಬೇಕಿತ್ತು. ಆಗಲಿಲ್ಲ. ಮಗ ಕಾಳಪ್ಪನೇ ನಂಬಲಿಲ್ಲ. ಈಗ ಕೇಳಿದರೂ ಅವನ ಮಾತು ಅದೇ. "ಅವ್ವಗ ದುಃಖ ತಲಿಗೇರೇತ್ರಿ. ಆ ಮನಷ್ಯಾ ಅಕಿ ತಲ್ಯಾಗ ಇಲ್ಲದ್ದು ತುಂಬ್ಯಾನ. ಖರೇ ಇದ್ರ ಅವತ್ತ ಯಾಕ ಹೇಳಲಿಲ್ಲ? ತಾ ಪಾರಾಗಾಕ ಹಡದ ತಾಯಿ ಮ್ಯಾಲ ಹಾಕಿದ್ನಲ್ಲ, ಅದು ಕೊಲ್ಲೂದಕ್ಕಿಂತ ಹೆಚ್ಚಿಂದು." ಮೊದಲು ಕೆಟ್ಟ ಕೆಲಸದವನೆಂಬ ಹೆಸರಿತ್ತು, ಈಗ ಕೆಟ್ಟ ಮನುಷ್ಯನೆಂಬುದೂ ಸೇರಿತು.

ಇದನ್ನೆಲ್ಲ ಬರೆಯುವುದು ಸರಿಯೇ ಎಂದು ಮಾಯವ್ವನನ್ನು ಕೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನನ್ನ ಹೆಸರು ಹಾಕೇ ಬರೀರಿ. ಬಾಯಿಲೆ ಹೇಳಿದ್ರ ಮುದುಕಿಗೆ ಹುಚ್ಚು ಅಂತಾರ. ಪೇಪರಿನ್ಯಾಗ ಬಂದ್ರ ಓದ್ತಾರೇನೋ." ಆಕೆಯ ಮನೆಯಿಂದ ಅಮಾವಾಸ್ಯೆಗೊಮ್ಮೆ ರೊಟ್ಟಿಯ ಗಂಟು ತಗಡಿನ ಶೆಡ್ಡಿಗೆ ಬರುತ್ತದೆ. ಕಾಳಪ್ಪನಿಗೆ ಗೊತ್ತಾಗದಂತೆ ಹಣಮೇಶನೇ ತಂದುಕೊಡುತ್ತಾನೆ.

ಅಂದೇ ಹೇಳಬೇಕಿತ್ತೆಂದು ಬಂದೇನವಾಜರಿಗೆ ಅನಿಸುವುದಿಲ್ಲವೇ? "ಅನಸ್ತೈತ್ರಿ. ನಾನೂ ಮನಷ್ಯಾನ," ಎನ್ನುತ್ತಾರೆ. ಕೈಗೆ ಹತ್ತಿದ ಎಣ್ಣೆಯನ್ನು ಚಿಂದಿಯಿಂದ ಒರೆಸಿಕೊಳ್ಳುತ್ತಾರೆ. "ಅದಕ್ಕಿಂತ ಹೆಚ್ಚು ಇನ್ನೊಂದು ಚುಚ್ಚತೈತಿ. ಅಷ್ಟು ವರ್ಷ ಕಾಯಿ ಹೋಳು ತಿಂದೆ. ಆ ತೂತು ಯಾತಕ್ಕ ಐತಿ ಅಂತ ಒಂದ ದಿನ ಅಕಿಗಿ ಹೇಳಲಿಲ್ಲ."

ಬಿಸಿಲು ನೀರಿಗೆ ತಾಗಿದೆ. ಹಣಮೇಶ ಕಲ್ಲು ಇಳಿಸಿ, ಎಲೆಯಲ್ಲಿ ಸುತ್ತಿದ ಮೀನೊಂದನ್ನು ಶೆಡ್ಡಿನ ಬಾಗಿಲಲ್ಲಿಟ್ಟು, ಹೊರಡಲು ಸಿದ್ಧವಾಗಿದ್ದಾನೆ. ಆಚೆಯಿಂದ ಕಾಳಪ್ಪನ ಬೋಟು ಮೊದಲ ಖೇಪಿನ ಮಂದಿಯನ್ನು ತುಂಬಿಕೊಂಡು ಬರುತ್ತಿದೆ. ಬಂದೇನವಾಜ ಚೀಲ ಕಟ್ಟುವುದನ್ನು ಬಿಟ್ಟು ತಲೆ ಓರೆ ಮಾಡಿ ಕೇಳುತ್ತಾರೆ. ಬೋಟು ಹತ್ತಿರವಾಗುವವರೆಗೂ ಹಾಗೆಯೇ ನಿಲ್ಲುತ್ತಾರೆ.

"ಹಣಮೇಶ, ಅವನ ಮೋಟಾರಿನ ಒಂದು ಪ್ಲಗ್ಗು ಕಿಡಿ ತಪ್ಪಸಾಕತ್ತೈತಿ. ಇನ್ನೂ ಜೋರಾದ್ರ ನಡುನೀರಾಗ ನಿಲ್ತೈತಿ. ಆಚೆ ದಂಡಿಯವನ ಕಡೆ ತೋರ್ಸು ಅಂತ ಹೇಳು. ನಾ ಹೇಳೇನಿ ಅನಬ್ಯಾಡ."

"ಗೊತ್ತಾಗ್ತೈತಿ ಕಾಕಾ. ದಂಡಿ ಮ್ಯಾಲ ನಿಂತು ಸಪ್ಪಳಾ ಕೇಳಿ ಹೇಳಾವ್ರು ಇಲ್ಲಿ ಮತ್ತ್ಯಾರದಾರ?"

ಬಂದೇನವಾಜ ಚೀಲ ಹೆಗಲಿಗೇರಿಸುತ್ತಾರೆ.

"ಗೊತ್ತಾದ್ರ ಆಗ್ಲಿ. ಬೈದ್ರ ಬೈಲಿ. ಪ್ಲಗ್ಗು ಬದ್ಲಿ ಮಾಡಿಸ್ಲಿ."